ಹೊಗೆ ಕಾಣದ ಚಿತ್ರ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಸರದಿಗಾಗಿ ಕಾದಿದ್ದ ದರ್ಜಿಗೆ ಪಕ್ಕದಲ್ಲಿದ್ದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮ, ಹೋದ ವಾರ ಬೆಂಕಿಗೆ ಒಂಬತ್ತು ಜನ ಬಲಿಯಾದ ಕಾರ್ಖಾನೆಯ ಕಾವಲುಗಾರ. ಅವನ ಕಣ್ಣು ಇನ್ನೂ ಊದಿಕೊಂಡಿತ್ತು.

"ಟಿವಿಯವರ ಹತ್ರ ಹೋಗಿದ್ಯಾ?"

"ಹೋಗಿದ್ದೆ ಅಕ್ಕಾ. ನಾವೇನೂ ಸೇರಿಸಿಲ್ಲ, ನಿನ್ನ ಮುಖಾನೇ ತೋರಿಸಿದ್ದು ಅಂದ್ರು."

"ಸುಳ್ಳಾ ಅದು?"

"ನಿಜಾನೇ. ಆದ್ರೆ ಬರೀ ಮುಖ. ಕ್ಯಾಮೆರಾನ ನಾಲ್ಕು ಹೆಜ್ಜೆ ಹಿಂದಿಟ್ಟಿದ್ರೆ ಹೊಗೆ ಕಾಣ್ತಿತ್ತು, ನಾನು ಎಳ್ಕೊಂಡು ಬರ್ತಿದ್ದ ಹುಡುಗೀನೂ ಕಾಣ್ತಿದ್ಲು. ಹೊಗೆಗೆ ಕಣ್ಣು ಕಿರಿದು ಮಾಡಿ ಹಲ್ಲು ಕಚ್ಕೊಂಡಿದ್ದೆ. ಮೊದಲು ಹೆಣಗಳು, ಆಮೇಲೆ ಅಳೋ ತಾಯಂದಿರು, ನಡುವೆ ಈ ಮುಖ ಇಟ್ರು. ನೋಡೋರಿಗೆ ನಗ್ತಿರೋ ಹಾಗಿದೆ."

"ಆ ಹುಡುಗಿ ಹೇಳಲ್ವಾ?"

"ಹೇಳೋಕೆ ಅವಳು ಉಳೀಬೇಕಿತ್ತಲ್ಲಕ್ಕಾ."

ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. "ಊರೋರು ಹಾಳಾಗ್ಲಿ. ಮನೇಲಿ ನಂಬ್ತಾರಲ್ಲ?"

"ಮಗಳು ನಿನ್ನೆ ಕೇಳಿದ್ಲು, ಅಪ್ಪಾ, ಯಾಕೆ ನಕ್ಕೆ ಅಂತ."

"ಹೇಗೆ ಮಾಡಿದ್ದೆ? ನಂಗೂ ಮಾಡಿ ತೋರ್ಸು."

ಅವನು ಕಣ್ಣು ಕಿರಿದು ಮಾಡಿ ಹಲ್ಲು ಕಚ್ಚಿದ. ದರ್ಜಿ ಓರೆಗಣ್ಣಿನಿಂದ ನೋಡಿದ. ಟಿವಿ ಮುಂದೆ ಕೂತು ತಾನು ಬಾಯ್ತುಂಬ ಶಪಿಸಿದ್ದ ನಗು ಅದೇ, ಒಂದಿಷ್ಟೂ ಬೇರೆಯಾಗಿರಲಿಲ್ಲ.

ಅಕ್ಕ ಬಹಳ ಹೊತ್ತು ನೋಡಿದಳು.

"ಸಾಕು ಕಣೋ," ಎಂದಳು. "ಇನ್ಯಾರಿಗೂ ಹೀಗೆ ಮಾಡಿ ತೋರಿಸ್ಬೇಡ. ಮಗಳಿಗಂತೂ ಬೇಡವೇ ಬೇಡ."

"ಅವಳಿಗೆ ಆಗ್ಲೇ ತೋರಿಸ್ಬಿಟ್ಟೆ," ಎಂದ ತಮ್ಮ.

ನರ್ಸ್ ಕರೆದಳು. ಅಕ್ಕ ಅವನ ರಟ್ಟೆ ಹಿಡಿದುಕೊಂಡು ಒಳಗೆ ಹೋದಳು.