ಕೆಂದಿಯ ಇಬ್ಬರು ಮಕ್ಕಳು

ಕೇಳ್ರಪ್ಪಾ ಕೇಳಿ, ಕೂತವರೂ ಕೇಳಿ, ತೂಕಡಿಸೋರೂ ಕೇಳಿ. ಏಳು ಹಳ್ಳ ದಾಟಿದರೆ ಒಂದು ಊರು, ಊರಿಗೆ ಹೆಸರಿಲ್ಲ. ಆ ಊರಲ್ಲಿ ಒಬ್ಬ ಶೂರ. ಅವನು ಎದುರಿಗೆ ಬಂದರೆ ಕೋಣ ದಾರಿ ಬಿಡೋದು. ಹುಂಜ ಅವನನ್ನು ಕೇಳಿಕೊಂಡೇ ಕೂಗೋದು. ಯಾರವನು ಅಂತೀರಾ? ಹೊಗಳಿಕೊಳ್ಳೋದು ನನಗೆ ಆಗಿಬರೋದಿಲ್ಲ, ಆದರೆ ಅವನು ನಾನೇ.

ನನ್ನದು ಅಂಗೈಯಗಲ ಹೊಲ. ಹೊಲದ ಅಂಚಿಗೆ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಕೆಂದಿ ಅನ್ನೋ ಹಸು. ಎಷ್ಟು ಹಾಲು ಕೊಡುತ್ತಿದ್ದಳು ಗೊತ್ತೇ? ಕರೆದು ಮುಗಿಸೋ ಹೊತ್ತಿಗೆ ತಳದ ಹಾಲು ಮೊಸರಾಗಿರುತ್ತಿತ್ತು. ನಂಬೋದಿಲ್ವಾ? ನನ್ನ ಹೆಂಡತಿ ಸಣ್ಣತಾಯಿಯನ್ನು ಕೇಳಿ. ಬೇಡ, ಕೇಳಬೇಡಿ.

ಆ ಸಲ ಕೆಂದಿ ಕರು ಹಾಕಿದಳು. ಹಣೆ ಮೇಲೆ ಬಿಳಿ ಚುಕ್ಕೆ. ಎರಡು ದಿನ ಕೊಟ್ಟಿಗೆ ತುಂಬಾ ನೆಗೆದಾಡಿತು. ಮೂರನೇ ದಿನ ಬೆಳಿಗ್ಗೆ ಏಳಲಿಲ್ಲ. ಇಲ್ಲಿ ಮಾತ್ರ ನಾನು ಏನೂ ಸೇರಿಸೋದಿಲ್ಲ. ಏಳಲಿಲ್ಲ, ಅಷ್ಟೇ.

ಕೆಂದಿ ಹುಲ್ಲು ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ, ಕೆಚ್ಚಲು ಮುಟ್ಟಗೊಡಲಿಲ್ಲ. ಕೆಚ್ಚಲು ಕಲ್ಲಾಯಿತು. ಹಾಲು ಇಳಿಯದಿದ್ದರೆ ಬಾವು ಬಂದು ಹಸುವೂ ಹೋಗುತ್ತೆ ಅಂತ ಸಣ್ಣತಾಯಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಮೂಲೆಯಲ್ಲಿ ಒಂದು ಆಡಿನ ಮರಿ ಬೇರೆ, ಹೆತ್ತ ತಾಯಿಯನ್ನು ಹೆರಿಗೆಯಲ್ಲೇ ಕಳೆದುಕೊಂಡದ್ದು. ಅದು ಹಸಿವಿಗೆ ಅರಚುತ್ತಿತ್ತು.

ನಮ್ಮ ಕಡೆ ಒಂದು ಪದ್ಧತಿ. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸೋದು. ಅದು ನೆಕ್ಕುತ್ತಾ ನೆಕ್ಕುತ್ತಾ ಹಾಲು ಬಿಡುತ್ತೆ. ಊರವರು ತುಂಬೋದು ಹಳೇ ಒಣ ಹುಲ್ಲು. ನಾನು ಶೂರ, ನಾನು ಹಳೇದು ತುಂಬೋದುಂಟಾ? ಘಮಘಮಿಸೋ ಹೊಸ ಹುಲ್ಲು ತುಂಬಿದೆ. ಕೆಂದಿ ಮೂಸಿದಳು, ನೆಕ್ಕಿದಳು, ಹೊಲಿಗೆ ಬಿಚ್ಚಿ ಹುಲ್ಲನ್ನೆಲ್ಲ ತಿಂದಳು. ಹೊಟ್ಟೆ ತುಂಬಿತು. ಹಾಲು ಇಳಿಯಲಿಲ್ಲ.

“ಅಲ್ಲ ಕಣ್ರೀ, ಕರು ಮಾಡಿ ಅಂದರೆ ಬುತ್ತಿ ಕಟ್ಟಿದಿರಲ್ಲ,” ಅಂದಳು ಸಣ್ಣತಾಯಿ.

ನನಗೆ ರೋಷ ಬಂತು. ಖಾಲಿ ತೊಗಲನ್ನು ನಾನೇ ಬೆನ್ನ ಮೇಲೆ ಹೊದ್ದೆ, ತಲೆಗೆ ಉಪ್ಪು ಸವರಿಕೊಂಡೆ, ನಾಲ್ಕು ಕಾಲಲ್ಲಿ ನಿಂತೆ. ಎಂಥಾ ಕರು ಅಂತೀರಿ! ಕೆಂದಿ ನನ್ನ ತಲೆ ನೆಕ್ಕಿದಳು. ಒಂದು ನೆಕ್ಕಿಗೆ ಮುಂದಲೆ ಕೂದಲು ಹೋಯಿತು, ಇನ್ನೊಂದಕ್ಕೆ ನೆತ್ತಿ, ಮೂರನೆಯದಕ್ಕೆ ಇಗೋ, ನೀವೇ ನೋಡುತ್ತಿದ್ದೀರಲ್ಲ. ಆದರೂ ಹಾಲು ಇಳಿಯಲಿಲ್ಲ.

ಕರು ಬಾಯಿ ಹಾಕದೆ ಯಾವ ಹಸು ಹಾಲು ಬಿಡುತ್ತೆ, ಕೆಚ್ಚಲ ಕಡೆ ಹೋಗಿ ಅಂತ ಸಣ್ಣತಾಯಿ ಹಿಂದಿನಿಂದ ತಳ್ಳಿದಳು. ನಾನು ಹಿಂದೆಮುಂದೆ ನೋಡುತ್ತಿದ್ದೆ. ಅಷ್ಟರಲ್ಲಿ ಆ ಆಡಿನ ಮರಿ ನನ್ನ ಹೊಟ್ಟೆಯಡಿ ನುಸುಳಿ, ತೊಗಲಿನ ಅಂಚನ್ನು ಬೆನ್ನ ಮೇಲೆ ಎಳೆದುಕೊಂಡೇ ಹೋಗಿ ಮೊಲೆಗೆ ಬಾಯಿ ಹಾಕಿತು.

ಕೆಂದಿ ಒದೆಯೋದಕ್ಕೆ ಕಾಲೆತ್ತಿದಳು. ಅವಳು ಕತ್ತು ತಿರುಗಿಸಿ ತೊಗಲು ಮೂಸಿದಳು. ತನ್ನ ಕರುವಿನ ವಾಸನೆ. ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿದಳು, ಮರಿಯ ಬಾಲ ನೆಕ್ಕಿದಳು. ಹಾಲು ಇಳಿಯಿತು ನೋಡಿ! ಮರಿ ಕುಡಿದು ಉರುಳಿತು, ತಂಬಿಗೆ ತುಂಬಿತು, ಬಿಂದಿಗೆ ತುಂಬಿತು, ನನ್ನ ಚಡ್ಡಿ ಜೇಬೂ ತುಂಬಿತು.

“ಬದುಕಿದಳು,” ಅಂದಳು ಸಣ್ಣತಾಯಿ. ಅಷ್ಟು ಅಂದು ಗೋಡೆ ಕಡೆ ತಿರುಗಿಕೊಂಡಳು.

ಮಾರನೇ ದಿನ ತೊಗಲು ಹೊದಿಸಿದ ಮರಿಯನ್ನು ಬಿಟ್ಟು, ನನ್ನ ಕೆಲಸ ಮುಗಿಯಿತು ಅಂತ ಜಗುಲಿ ಮೇಲೆ ಕೂತೆ. ಕೆಂದಿ ಮರಿಯನ್ನು ನೆಕ್ಕಿದಳು, ಹಾಲು ಬಿಡಲಿಲ್ಲ. ಬಾಗಿಲಾಚೆ ನನ್ನ ಕಡೆ ನೋಡಿ ಅಂಬಾ ಅಂದಳು. ಒಂದು ಮಗುವನ್ನು ಕಳೆದುಕೊಂಡವಳು, ಇನ್ನೊಂದನ್ನು ಬಿಟ್ಟಾಳೆಯೇ?

ಅಂದಿನಿಂದ ಏಳು ಹಳ್ಳದ ಶೂರ ದಿನಾ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ, ಆಡಿನ ಮರಿಯ ಪಕ್ಕ ಮಂಡಿಯೂರಿ, ಬೋಳು ತಲೆ ಬಗ್ಗಿಸುತ್ತಾನೆ. ಯಾವ ರಾಜನಿಗೂ ಬಗ್ಗಿದ ತಲೆಯಲ್ಲ ಅದು.

ಕಥೆ ಕರೆದಾಯಿತು. ನೊರೆಯೆಲ್ಲ ನಿಮಗೆ, ಹಾಲು ಮರಿಗೆ.