ತೊಟ್ಟಿಲ ಮುಂದೆ ಅತ್ತೆಯ ದನಿ

ಒಂದೂರಿನಲ್ಲಿ ಒಬ್ಬ ಶ್ರೀಮಂತ. ನೋಡಿ, ಶ್ರೀಮಂತ ಅಂದ ಕೂಡಲೇ ಎಲ್ಲರೂ ನೆಟ್ಟಗೆ ಕೂತಿರಿ! ಅವನನ್ನು ಬಿಡಿ, ಅವನ ಹದಿಮೂರರ ಮಗಳ ಕಡೆ ಬನ್ನಿ.

ಅವಳಿಗೆ ಅಣಕು ಒಲಿದಿತ್ತು. ಪುರೋಹಿತರ ಕೆಮ್ಮು, ಹಾಲಿನವನ ಕೂಗು, ಸ್ಟಾರ್ಟ್ ಆಗದ ಸ್ಕೂಟರಿನ ಗೊಣಗಾಟ, ಎಲ್ಲವೂ ಅವಳ ಗಂಟಲಲ್ಲಿ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಸೋದರತ್ತೆಯ ಜೋಗುಳ. ಅತ್ತೆಯ ದನಿ ಮೇಲಕ್ಕೇರುವಾಗ ನಡುಗಿ, ತುದಿಯಲ್ಲಿ ಸೀಳುತ್ತಿತ್ತು. ತಮ್ಮನ ನಾಮಕರಣದ ಹಿಂದಿನ ದಿನ ಹುಡುಗಿ ಟವೆಲನ್ನೇ ಸೆರಗು ಮಾಡಿಕೊಂಡು ನೆಂಟರ ಮುಂದೆ ಅದನ್ನು ಪೂರ್ತಿ ಹಾಡಿದಳು. ನಡುಮನೆಯೇ ಬಿದ್ದು ಬಿದ್ದು ನಕ್ಕಿತು. ಅತ್ತೆಯೂ ನಕ್ಕರು. "ಅಯ್ಯೋ ಕಳ್ಳಿ, ಇನ್ನೊಂದ್ಸಲ ಮಾಡೇ!"

ಅತ್ತೆಯೇ ನಕ್ಕ ಮೇಲೆ ತಪ್ಪೆಲ್ಲಿ ಬಂತು? ಹೇಳಿ, ಎಲ್ಲಿ ಬಂತು?

ಮರುದಿನ ಮಗುವನ್ನು ತೊಟ್ಟಿಲಿಗೆ ಹಾಕಿದರು. ಆ ಮನೆಯಲ್ಲಿ ಜೋಗುಳ ಸೋದರತ್ತೆಯ ಹಕ್ಕು. ಎಲ್ಲರೂ ಅತ್ತೆಯತ್ತ ತಿರುಗಿದರು. ಅತ್ತೆ ಹಿಂದೆ ಸರಿದು ಹುಡುಗಿಯ ಬೆನ್ನು ತಟ್ಟಿದರು.

"ನೀನೇ ಹಾಡಮ್ಮ. ಹೇಗೂ ನನ್ನ ದನಿ ನಿನ್ ಹತ್ರ ಇದೆಯಲ್ಲ."

ಮುನಿಸೇ? ಮುಖದಲ್ಲಿ ನಗು ಹಾಗೇ ಇತ್ತು. ಹುಡುಗಿಗೆ ಒಂದೂ ತಿಳಿಯಲಿಲ್ಲ. ಯಾರೂ ಗದರಿರಲಿಲ್ಲ. ನಿನ್ನೆ ತಾನು ಮಾಡಿದ್ದು ತಮಾಷೆಯೋ, ಕಸಿದುಕೊಂಡದ್ದೋ? ಮೊದಲ ಸಾಲು ಹಾಡಿದಳು. ನಿಂತಳು.

"ಮುಂದಿಂದು ಬರಲ್ಲ ಅತ್ತೆ. ನೀವೇ ಹಾಡಿ."

"ನಿನ್ನೆ ಪೂರಾ ಹಾಡಿದ್ಯಲ್ಲೇ!" ಚಿಕ್ಕಪ್ಪ ರೇಗಿಸಿದ.

"ಮರ್ತೋಯ್ತು."

ಹಸಿ ಸುಳ್ಳು! ಅತ್ತೆ ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ತೊಟ್ಟಿಲ ಹಗ್ಗ ಹಿಡಿದು ಎರಡನೆಯ ಸಾಲು ಎತ್ತಿಕೊಂಡರು. ದನಿ ನಡುಗಿತು, ತುದಿಯಲ್ಲಿ ಸೀಳಿತು. ಚಿಕ್ಕಪ್ಪ ನಗಲು ಬಾಯಿ ತೆರೆದ. ಹುಡುಗಿ ತಿರುಗಿ ನೋಡಿದಳು. ಅವನ ಬಾಯಿ ಮುಚ್ಚಿತು.

ಕಾದಂಬರಿಗಳಲ್ಲಿ ಎಳೆಯರಿಗೆ ಅಂತಃಸಾಕ್ಷಿ ಹುಟ್ಟಲು ಮುನ್ನೂರು ಪುಟ ಬೇಕು. ಇವಳಿಗೆ ಒಂದು ಸಾಲು ಸಾಕಾಯಿತು, ಅದೂ ಸುಳ್ಳಿನ ವೇಷದಲ್ಲಿ ಬಂತು! ಮಾಡಿದ್ದು ಸರಿಯೋ ತಪ್ಪೋ ಎಂದು ಪಾಯಸ ಉಣ್ಣುವಾಗಲೂ ಅವಳಿಗೆ ಗೊಂದಲ. ಇರಲಿ ಬಿಡಿ, ಆ ಗೊಂದಲ ಒಳ್ಳೆಯದು. ನಮಗೆ ಅದೂ ಇಲ್ಲವಲ್ಲ? "ಅವರೇ ನಕ್ಕರಲ್ಲ" ಎಂದು ಅದೇ ತಮಾಷೆಯನ್ನು ಎರಡನೇ ಸಲ ಬಡಿಸಿಕೊಳ್ಳುತ್ತೇವೆ!

ಇವತ್ತು ಮನೆಗೆ ಹೋಗಿ ನೋಡಿ. ನಿಮ್ಮ ತಮಾಷೆಗೆ ನಕ್ಕವರು ಆಮೇಲೆ ಏನನ್ನು ಬಿಟ್ಟುಬಿಟ್ಟಿದ್ದಾರೆ? ಹಾಡನ್ನೋ, ನಾಲ್ಕು ಜನರ ಮುಂದೆ ಮಾತನ್ನೋ? ಅದನ್ನು ಮತ್ತೆ ಅವರ ಬಾಯಿಂದಲೇ ಕೇಳಿ. ಕೇಳುವಾಗ, ನೋಡಿ, ನಿಮ್ಮ ಬಾಯಿ ಮುಚ್ಚಿರಲಿ.