ಆಚೆ ದಡದ ಗೋಪುರ

“ಈ ಮಂಜಲ್ಲಿ ಆಚೆ ದಡದ ಚರ್ಚ್ ಗೋಪುರ ಈಗಲಾದ್ರೂ ಕಾಣ್ತಿದೆಯಾ?” ರೋಡ್ರಿಕ್ ಕಿಟಕಿಗೆ ಹಣೆಯೊತ್ತಿ, ಯಾರನ್ನೂ ನೋಡದೆ ಕೇಳಿದ.

ಸರೋವರದ ದಂಡೆಯ ಆ ಪುಟ್ಟ ವಿಮಾನ ಕಂಪನಿಯ ಕಚೇರಿಯಲ್ಲಿ ಬೆಂಚಿನ ಮೇಲೆ ಕೂತು ಪುಸ್ತಕ ಹಿಡಿದು ಕೀರ್ತನೆ ಪಠಿಸುತ್ತಿದ್ದ ಮುದುಕಿ ಯೂನಿಸ್ ಪಠಣ ನಿಲ್ಲಿಸಿ ಕಿವಿಗೊಟ್ಟಳು.

“ಹಿರಿಯರು ಯಾರಾದ್ರೂ ಕಂಡೆ ಅನ್ನೋವರೆಗೂ ನಾನು ಹಾರಲ್ಲ,” ಎಂದಳು ಡೆಲ್ಮಾ. ಪೈಲಟ್ಟೂ ಅವಳೇ, ಒಡತಿಯೂ ಅವಳೇ.

“ನನ್ನ ತಮ್ಮ ಆ ಊರಲ್ಲಿ ಕೊನೆಯುಸಿರು ಎಳೀತಿದ್ದಾನೆ ಕಣೇ! ನಿಮ್ಮಪ್ಪ ಆಗಿದ್ರೆ ಹಾರಿರ್ತಿದ್ದ.”

“ಹಾರಿದ್ನಲ್ಲ! ಒಂದೇ ವಿಮಾನ ಇಟ್ಕೊಂಡು ಮೀನು ಸಾಗಿಸ್ತಿದ್ದ ಕಾಲ. ಊರವರು ಗೋಗರೆದ್ರು ಅಂತ ಇಂಥದೇ ಮಂಜಲ್ಲಿ ಹೊರಟ. ವಸಂತದಲ್ಲಿ ಒಂದು ರೆಕ್ಕೆ ಸಿಕ್ತು, ಅಪ್ಪ ಸಿಗಲಿಲ್ಲ. ಹಾರೋರ ಕಣ್ಣು ಕನಿಕರಕ್ಕೆ ಸೋಲುತ್ತೆ, ಗೋಪುರ ಕಾಣುತ್ತಾ ಅಂತ ಕಾಯೋರಲ್ಲಿ ಹಿರಿಯರನ್ನೇ ಕೇಳು ಅಂತ ಅಮ್ಮ ಕಟ್ಟಳೆ ಮಾಡಿದ್ಳು. ಈಗ ಮೂರು ವಿಮಾನ ಇವೆ. ಮೂವತ್ತು ವರ್ಷದಲ್ಲಿ ಒಂದೂ ಸಾವಿಲ್ಲ.”

“ಹಿರಿಯರು ತಾನೇ?” ರೋಡ್ರಿಕ್ ಬಂದು ಯೂನಿಸ್‌ಳ ಮುಂದೆ ಮಂಡಿಯೂರಿದ. “ಅಜ್ಜಿ, ನನ್ನ ತಮ್ಮನ್ನ ಎತ್ತಿ ಆಡಿಸಿದೋರು ನೀವು. ಕಂಡೆ ಅಂತ ಒಂದು ಮಾತು ಅಂದ್ಬಿಡಿ.”

ಡೆಲ್ಮಾ ವಿಮಾನದ ಕೀಲಿಕೈ ಹಿಡಿದು ನಿಂತಳು. ಆ ತಮ್ಮನ ಹಾಸಿಗೆಯ ಪಕ್ಕ ಪ್ರಾರ್ಥಿಸಲೆಂದೇ ಯೂನಿಸ್ ಕೂಡ ಬೆಳಗಿನಿಂದ ಕಾಯುತ್ತಿದ್ದಳು. ಅವಳು ಬಹಳ ಹೊತ್ತು ಕಿಟಕಿಯಾಚೆ ನೋಡಿದಳು. ಬರಿಯ ಬಿಳುಪು.

“ಅವತ್ತು ಇವಳಪ್ಪನ ಕೈ ಹಿಡಿದು ಗೋಗರೆದವಳು ನಾನೇ,” ಎಂದು ಪುಸ್ತಕ ಮುಚ್ಚಿದಳು. “ಕಂಡೆ ಅನ್ನಲ್ಲ, ಮಗಾ.”